ಬೊರಿವಲಿಯ ಖೂನ

ನಮ್ಮ ಮಾಲಾ ಒಂದು ಪಿಕ್ಚರ್ ನೋಡಿ ಬಂದಳೆಂದರೆ ಅದನ್ನು ತೆಗೆದವನಿಗೆ ಎಲ್ಲಿದ್ದರೂ ಬಿಕ್ಕಳಿಕೆ ಹತ್ತಬೇಕು. ವಡಾಲದ ನಮ್ಮ ಚಾಳಿನ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡೇ ಶುರು ಮಾಡುತ್ತಿದ್ದಳು. ಹೀರೋ ಓಡುವ ರೈಲಿನ ಮೇಲಿಂದ ಬಿದ್ದು ಎದ್ದರೂ ಕ್ರಾಪು ಕೆಡಲಿಲ್ಲ, ಬಕ್ವಾಸ್. ಗುಂಡು ತಿಂದ ವಿಲನ್ ಸಾಯುವ ಮೊದಲು ಭಾಷಣ ಮಾಡಿದ, ಅಷ್ಟರಲ್ಲಿ ಡಾಕ್ಟರನ್ನು ಕರೆತಂದು ಬದುಕಿಸಬಹುದಿತ್ತು, ಅದೂ ಬಕ್ವಾಸ್. ಕುರುಡಿಯಾದ ತಾಯಿಗೆ ಗುಡಿಯ ಗಂಟೆ ಬಾರಿಸಿದ ಕೂಡಲೇ ಕಣ್ಣು ಬಂದದ್ದು ಮಾತ್ರ ಫಸ್ಟ್ ಕ್ಲಾಸ್. ಏಕೆಂದರೆ ಅಲ್ಲಿ ಅವಳಿಗೆ ಅಳು ಬಂದಿತ್ತು.

ನಾನು ಅವಳ ಸೋದರತ್ತೆ ಸುಂದ್ರವ್ವ. ನನ್ನದೂ ಬಾಯಿ ಸುಮ್ಮನಿರುವುದಲ್ಲ. ದೆವ್ವದ ಪಿಕ್ಚರ್ ನೋಡಿ ಬಂದ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ. ನಮ್ಮ ಚಾಳಿನಲ್ಲಿ ಒಂದು ಕೊಡ ನೀರಿಗೆ ನಾಲ್ಕು ಮನೆಯ ಜಗಳ, ಆ ಪಾಳು ಬಂಗಲೆಯ ದೆವ್ವಕ್ಕೆ ಸೀರೆಯನ್ನು ಅಷ್ಟು ಬೆಳ್ಳಗೆ ಒಗೆದು ಕೊಡುವವರು ಯಾರು? ಮಾಲಾ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ಅವಳಿಗೆ ದೆವ್ವದ ಮೇಲೆ ಅಷ್ಟು ಅಭಿಮಾನ.

ಅವಳ ನಿಜವಾದ ಹೆಸರು ಮಲ್ಲವ್ವ. ಮಾಲಾ ಎಂಬುದು ಶಾಲೆಯಲ್ಲಿ ತಾನೇ ಬರೆಸಿಕೊಂಡದ್ದು. ತಾಯಿ ಬೇಗ ಹೋದಳು. ತಂದೆ, ಅಂದರೆ ನನ್ನ ತಮ್ಮ ಗುರಲಿಂಗಪ್ಪ, ಬಂದರಿನಲ್ಲಿ ಮೂಟೆ ಹೊರುವವನು. ನಾನು ಸಿಂದಗಿ ಕಡೆಯಿಂದ ಇವರ ಮನೆಗೆ ಬಂದು ಎರಡು ವರ್ಷವಾಗಿತ್ತಷ್ಟೇ. ಅಲ್ಲಿಯವರೆಗೆ ಅವಳು ಕನ್ನಡ ಕಲಿತದ್ದು ತಂದೆಯ ಬೈಗುಳದಿಂದ, ಉಳಿದ ಮಾತೆಲ್ಲ ಹಿಂದಿ ಪಿಕ್ಚರಿನಿಂದ.

ಎಪ್ಪತ್ನಾಲ್ಕನೆಯ ಇಸವಿಯ ಮಾತು. ಮಾಲಾಗೆ ಗಂಡು ನೋಡುತ್ತಿದ್ದೆವು. ಬಂದ ಗಂಡಿಗೆಲ್ಲ ಅವಳದು ಒಂದೇ ಪರೀಕ್ಷೆ: "ಈಗ ಈಗ ಯಾವ ಪಿಕ್ಚರ್ ನೋಡಿದ್ರಿ? ಕೈಸಾ ಇತ್ತು?" ಮೊದಲನೆಯವನು, ಸಿನಿಮಾ ಕೆಟ್ಟ ಚಟ ಎಂದ. ಚಹಾ ಮುಗಿಯುವ ಮೊದಲೇ ಅವನು ನಾಪಾಸು. ಎರಡನೆಯವನು ಎಲ್ಲ ಪಿಕ್ಚರೂ ಚಂದ ಇರುತ್ತವೆ ಎಂದ. ಅಂಥವನ ಜೊತೆ ಜಗಳವಾಡುವುದು ಹೇಗೆ ಎಂದು ಅವನನ್ನೂ ಬಿಟ್ಟಳು. ಗುರಲಿಂಗಪ್ಪನ ತಲೆ ಕೆಟ್ಟಿತು.

"ಅಕ್ಕ, ಇನ್ನೊಂದು ಗಂಡು ಬ್ಯಾಡ ಅಂದ್ಲಂದ್ರ ಸಿಂದಗಿಗಿ ಕಳಿಸಿ ಅಕಿ ಸ್ವಾದರಮಾವಗ ಕಟ್ಟಿಬಿಡ್ತೀನಿ," ಎಂದ. ತಮಾಷೆಗೆ ಹೇಳಿದ್ದಲ್ಲ. ಸೋದರಮಾವ ಶಂಕ್ರೆಪ್ಪ ಒಳ್ಳೆಯವನೇ, ಆದರೆ ಅವನಿಗೆ ಆಗಲೇ ಹಲ್ಲು ಅಲುಗಾಡುತ್ತಿದ್ದವು. ಮುಂಬಯಿ ಬಿಟ್ಟು ಒಂದು ವಾರ ಇರಲಾರದ ಹುಡುಗಿ ಅಲ್ಲಿ ಬಾಳುವುದು ಹೇಗೆ?

ಮೂರನೆಯವನಾಗಿ ಬಂದವನು ಭೀಮರಾಯ. ಪವಾಯಿಯಲ್ಲಿ ಇಂಜಿನಿಯರಿಂಗ್ ಕಾಲೇಜಿನ ಕಟ್ಟಡ ಕಟ್ಟುವ ಗೌಂಡಿ. ಇಂಡಿ ತಾಲೂಕಿನವನು, ಮಾತು ಕಡಿಮೆ. ಮಾಲಾ ಪರೀಕ್ಷೆ ಶುರು ಮಾಡಿದಳು. ಅವನು ಸ್ವಲ್ಪ ಯೋಚಿಸಿ, ಅದೇ ದೆವ್ವದ ಪಿಕ್ಚರಿನ ಹೆಸರು ಹೇಳಿದ.

"ಅಂಜಿಕಿ ಆತೇನು?" ಎಂದಳು.

"ಆತ್ರಿ. ದೆವ್ವ ಬಾಗಲಾ ಬಡದಾಗ ಗ್ವಾಡಿನೂ ಅಲಗ್ಯಾಡ್ತು. ಆ ಗ್ವಾಡಿ ಹೀರೋಯಿನ್ ಮ್ಯಾಲ ಬೀಳ್ತೈತಿ ಅಂತ ಅಂಜಿದೆ."

ಮಾಲಾ ಗೊಳ್ಳೆಂದು ನಕ್ಕಳು. ಗಂಡು ನೋಡಲು ಬಂದವರ ಮುಂದೆ ಹಾಗೆ ನಗಬಾರದು ಎಂದು ನಾನು ಚಿವುಟಿದೆ, ಆದರೂ ನಿಲ್ಲಲಿಲ್ಲ. ಒಂದು ಪಿಕ್ಚರ್ ಜೊತೆಯಲ್ಲಿ ನೋಡಿ ಆಮೇಲೆ ಹೇಳುತ್ತೇನೆ ಎಂದಳು. ಗುರಲಿಂಗಪ್ಪ ಕಣ್ಣು ಕೆಂಪಗೆ ಮಾಡಿದ. ನಡುವೆ ನಾನು ಕೂಡುತ್ತೇನೆ ಎಂದು ಅವನನ್ನು ಒಪ್ಪಿಸಿದೆ.

ಭಾನುವಾರ ದಾದರಿನ ಟಾಕೀಜಿಗೆ ಹೋದೆವು. ಕೊಲೆಯ ಪಿಕ್ಚರ್. ದೊಡ್ಡ ಬಂಗಲೆ, ಮಳೆ, ಒಂದಾದ ಮೇಲೊಂದು ಹೆಣ. ಎಲ್ಲರೂ "ಖೂನ್! ಖೂನ್!" ಎಂದು ಕಿರುಚುವುದು, ಇನ್ಸ್‌ಪೆಕ್ಟರು ಸಿಗರೇಟು ಸೇದುವುದು. ನನ್ನ ಎಡಗಡೆ ಮಾಲಾ, ಬಲಗಡೆ ಭೀಮರಾಯ. ಕೊಲೆಗಾರ ಮಾಲಿ ಎಂದು ಇವಳು, ಅಡುಗೆಯವನು ಎಂದು ಅವನು, ನನ್ನ ತಲೆಯ ಮೇಲಿಂದಲೇ ವಾದ ಹೂಡಿದ್ದರು. ಇಂಟರ್ವಲ್ಲಿನಲ್ಲಿ ನಾನು ಬೇಕೆಂದೇ ಬಟಾಟಾವಡಾ ತರಲು ಹೊರಟೆ. ಗದ್ದಲ ಬಹಳ ಎಂಬ ನೆಪದಲ್ಲಿ ಮೆಲ್ಲಗೆ ಬಂದೆ.

ಬಂದು ನೋಡಿದರೆ ಮಾಲಾ ತನ್ನ ಕುರ್ಚಿಯ ಆಚೆಯ ಅಂಚಿನಲ್ಲಿ ಮುದುರಿ ಕೂತಿದ್ದಾಳೆ. ವಡಾ ಮುಟ್ಟಲಿಲ್ಲ. ದೀಪ ಆರಿದ ಮೇಲೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಕತ್ತು ಚಾಚಿ ಅವನನ್ನೇ ನೋಡತೊಡಗಿದಳು. ಅವನೂ ಆಗಾಗ ಇವಳತ್ತ ತಿರುಗುತ್ತಿದ್ದ. ಪರದೆಯ ಮೇಲೆ ಏನಾಯಿತೆಂದು ಇಬ್ಬರಿಗೂ ಖಬರಿಲ್ಲ. ಅಬ್ಬಾ, ಕೆಲಸ ಆಯಿತು ಎಂದುಕೊಂಡು ನಾನೊಬ್ಬಳೇ ಕೊನೆಯವರೆಗೂ ಪಿಕ್ಚರ್ ನೋಡಿದೆ. ನನ್ನ ಜಾಣತನಕ್ಕೆ ಏನು ಹೇಳಲಿ!

ಹೊರಗೆ ಬಂದಾಗ ಭೀಮರಾಯ ಕೈ ಮುಗಿದು, "ಬರ್ತೀನ್ರಿ ಅವ್ವಾರ," ಎಂದ. ಮಾಲಾ ಅವನತ್ತ ಬೆರಳು ಮಾಡಿ, "ಮತ್ತ ನನ್ನ ಸಾಮ್ನೆ ಬರಬ್ಯಾಡ್ರಿ. ಬಂದ್ರ ನಾ ಸಬ್‌ಕೋ ಹೇಳ್ತೀನಿ," ಎಂದಳು. ಅವನ ಮುಖ ಕಪ್ಪಿಟ್ಟಿತು. ತಲೆ ತಗ್ಗಿಸಿಕೊಂಡು ಜನರಲ್ಲಿ ಸೇರಿಹೋದ.

ಮನೆಯಲ್ಲಿ ಮಾಲಾ ತಂದೆಗೆ ಹೇಳಿದ್ದು ಒಂದೇ ಮಾತು: ಬೇಡ. ಗುರಲಿಂಗಪ್ಪ ಕೂಗಾಡಲಿಲ್ಲ, ಅದೇ ಹೆದರಿಕೆ. "ಆತು. ನಾಡದು ನಮ್ಮ ಬಂದರದ ಕಾಶಪ್ಪ ಊರಿಗಿ ಹೊಂಟಾನ. ಅವನ ಕೈಲೆ ಶಂಕ್ರೆಪ್ಪಗ ಹೇಳಿ ಕಳಸ್ತೀನಿ," ಎಂದು ಹೊರಗೆ ಹೋದ. ನಾನು ಮಾಲಾಳನ್ನು ಒಲೆಯ ಹತ್ತಿರ ಕೂರಿಸಿ ಕೇಳಿದೆ.

"ಅತ್ತಿ, ಅಂವ ಖೂನಿ ಇದ್ದಾನ!" ಎಂದು ಗಳಗಳ ಅತ್ತಳು. "ತಾನಾ ಬೋಲ್ಯಾನ. ಬೊರಿವಲಿ ಲಗ್ನದಾಗ ಹಸರ ಸೀರಿ ಉಟ್ಟಾಕಿ ಒಬ್ಬಾಕಿನ್ನ ಖೂನ ಮಾಡಿ ಇಟ್ಟೀನಿ, ಇವತ್ತಿನತನಾ ಯಾರಿಗೂ ಹೇಳಿಲ್ಲ ಅಂದ. ಹಸ್ಕೊಂತ, ನಕ್ಕೋತ ಅಂದ, ಅತ್ತಿ! ಆ ಲಗ್ನಕ್ಕ ನಾನೂ ಹಸರ ಸೀರಿನಾ ಉಟಗೊಂಡು ಹೋಗಿದ್ದೆ. ಥೋಡೇದಾಗ ಉಳದೀನಿ!"

ನಾನು ನಗಲು ಶುರು ಮಾಡಿದವಳು ಗೋಡೆ ಹಿಡಿದುಕೊಳ್ಳಬೇಕಾಯಿತು. ಪಕ್ಕದ ಮನೆಯವರು ಇಣುಕಿ ನೋಡಿದರು.

"ಹುಚ್ಚಿ, ನಮ್ಮ ಕಡೆ ಖೂನ ಅಂದ್ರ ಗುರ್ತಲೇ! ಆಡಿಗಿ ಖೂನ ಮಾಡ್ತಾರ, ಗ್ವಾಡಿಗಿ ಖೂನ ಮಾಡ್ತಾರ. ಯಾರನ್ನರೆ ಕಂಡು ಮನಸಿನ್ಯಾಗ ಗುರ್ತ ಇಟಗೊಂಡ್ರೂ ಖೂನ ಮಾಡಿ ಇಟ್ಟೀನಿ ಅಂತಾರ. ಆ ಹಸರ ಸೀರ್ಯಾಕಿ ಸತ್ತಿಲ್ಲ. ನನ್ನ ಮುಂದ ಕುಂತು ಮೂಗು ಒರಸಿಕೊಳ್ಳಾಕತ್ಯಾಳ."

ಆ ಮದುವೆ ಆಗಿ ವರ್ಷವಾಗಿತ್ತು. ಅಷ್ಟು ದಿನ ಅವನು ಇವಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಯಾರಿಗೂ ಹೇಳದೆ ಇದ್ದ. ಹೇಳಿದ ದಿನವೇ ಇವಳು ಬೆರಳು ತೋರಿಸಿ ಓಡಿಸಿದ್ದಳು.

"ಅತ್ತಿ, ಈಗ ಏನ ಮಾಡ್ಲಿ?" ಎಂದಳು. ಆ ದನಿಯಲ್ಲಿ ಪಿಕ್ಚರಿನದು ಏನೂ ಇರಲಿಲ್ಲ.

ಮರುದಿನ ಗುರಲಿಂಗಪ್ಪ ಕೆಲಸಕ್ಕೆ ಹೋದ ಕೂಡಲೇ ಲೋಕಲ್ ಹತ್ತಿ ಕುರ್ಲಾಕ್ಕೆ ಹೋದೆವು, ಅಲ್ಲಿಂದ ಪವಾಯಿಯ ಬಸ್ಸು. ದಾರಿಯುದ್ದಕ್ಕೂ ಅವಳು ಕನ್ನಡದಲ್ಲಿ ಕ್ಷಮೆ ಕೇಳುವುದನ್ನು ಬಾಯಿಪಾಠ ಮಾಡುತ್ತಿದ್ದಳು. ಯಾವ ಹೀರೋಯಿನ್ ಮಾತು ಇದು ಎಂದು ಕೆಣಕಿದೆ, ತಿರುಗಿ ಬೈಯಲಿಲ್ಲ. ಆಗ ನನಗೆ ನಿಜವಾಗಿ ಅವಳ ಮೇಲೆ ಮರುಕ ಹುಟ್ಟಿತು.

ಭೀಮರಾಯ ಗೋಡೆಗೆ ಕಟ್ಟಿದ ಬಿದಿರಿನ ಪರಾಂಚಿಯ ಮೇಲೆ ನಿಂತು ಇಟ್ಟಿಗೆ ಕೂರಿಸುತ್ತಿದ್ದ. ನಮ್ಮನ್ನು ಕಂಡು ಗಾರೆ ಮೆತ್ತಿದ ಕರಣೆ ಹಿಡಿದೇ ಇಳಿದು ಬಂದ. ಇವಳನ್ನು ನೋಡಲಿಲ್ಲ, ನನ್ನನ್ನು ನೋಡಿ, "ತಪ್ಪಾತ್ರಿ ಅವ್ವಾರ. ಹಂಗ ಹೇಳಬಾರದಿತ್ತು. ಹೆಣಮಕ್ಕಳು ಸಿಟ್ಟಾಗೂದ ಖರೇ," ಎಂದ.

ಬಾಯಿಪಾಠ ಮಾಡಿದ್ದೆಲ್ಲ ಮಾಲಾಗೆ ಮರೆತುಹೋಗಿತ್ತು. ಇಡೀ ಸೈಟಿಗೆ ಕೇಳುವಂತೆ, "ನಂಗ ಖೂನ ಸಮಜ್ಲಿಲ್ಲ! ನೀವು ಮರ್ಡರ್ ಮಾಡೀರಿ ಅಂತ ತಿಳದೆ. ಮಾಫ್ ಮಾಡ್ರಿ. ನಂಗ ನೀವಾ ಬೇಕು. ಬ್ಯಾರೆ ಯಾರೂ ನಕೋ," ಎಂದಳು.

ಮೇಲೆ ಇಟ್ಟಿಗೆಯ ಸದ್ದು ನಿಂತಿತು. ಭೀಮರಾಯ ಕರಣೆ ಕೆಳಗಿಟ್ಟ.

"ನಾನು? ಮರ್ಡರ್?" ಎಂದ. "ನಾ ಇರುವಿ ತುಳಿಯಾಕ ಅಂಜತೀನಿ." ಆಮೇಲೆ ಅವನಿಗೆ ತಡೆಯಲಾಗಲಿಲ್ಲ. ನಗುತ್ತ ನಗುತ್ತ ಗಾರೆಯ ಕೈಯಿಂದಲೇ ಕಣ್ಣು ಒರೆಸಿಕೊಂಡು, ಗಾರೆ ತಾಗಿ ಕಣ್ಣು ಉರಿದು, ಮತ್ತೆ ನೀರು ಸುರಿಸಿದ. ಮಾಲಾ ತನ್ನ ಸೆರಗು ಒದ್ದೆ ಮಾಡಿ ಕೊಟ್ಟಳು. ನಾನು ಬೇರೆ ಕಡೆ ನೋಡಿದೆ. ಸಂಜೆಯೇ ವಡಾಲಕ್ಕೆ ಬಂದು ನಿಮ್ಮ ಅಪ್ಪನ ಜೊತೆ ಮಾತಾಡುತ್ತೇನೆ ಎಂದು ಅವನು ಹೇಳುವುದು ಕೇಳಿಸಿತು.

ಹೊರಡುವಾಗ ಅವನು ಕೇಳಿದ: "ಆ ಪಿಕ್ಚರಿನ್ಯಾಗ ಕಡೀಕ ಖೂನಿ ಯಾರ್ರಿ?"

"ನಾ ನೋಡ್ಲಿಲ್ಲ," ಎಂದಳು ಮಾಲಾ. "ನಿಮ್ಮನ್ನಾ ನೋಡಾಕತ್ತಿದ್ದೆ."

"ನಾನೂ ನೋಡ್ಲಿಲ್ಲ," ಎಂದ.

ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಚೆನ್ನಾಗಿಯೇ ಗೊತ್ತಿತ್ತು, ಆದರೆ ನಿದ್ದೆ ಹತ್ತಿತ್ತು ಎಂದು ಸುಳ್ಳು ಹೇಳಿದೆ. ಹೇಳಿಬಿಟ್ಟಿದ್ದರೆ ಮುಂದಿನ ಭಾನುವಾರ ಅವರಿಬ್ಬರೇ ಟಾಕೀಜಿಗೆ ಹೋಗಲು ಯಾವ ನೆಪವೂ ಉಳಿಯುತ್ತಿರಲಿಲ್ಲ.