ಜಾರಿ ಬಿದ್ದದ್ದಲ್ಲ

ವೀಣಾಳನ್ನು ಗಂಡ ರೂಪೇಶ್ ತಾರಸಿಯಿಂದ ತಳ್ಳಿದ್ದು ಹಾಡಹಗಲಿನಲ್ಲಿ, ಅವಳು ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ. ಶಿವಮೊಗ್ಗದ ಸವಳಂಗ ರಸ್ತೆಯ ಬಾಡಿಗೆ ಮನೆ ಅದು. ಫೋನಿನಲ್ಲಿ ಯಾರ ಜೊತೆ ಮಾತಾಡಿದೆ ಎಂದು ಕೆನ್ನೆಗೆ ಹೊಡೆದ, ಜುಟ್ಟು ಹಿಡಿದು ಅಂಚಿನವರೆಗೆ ಎಳೆದ, ನೂಕಿದ. ಬೆನ್ನು ಕೆಳಗಿನ ಕಲ್ಲುಚಪ್ಪಡಿಗೆ ಬಡಿಯಿತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಸೊಂಟದಿಂದ ಕೆಳಗೆ ಸ್ಪರ್ಶವೇ ಇರಲಿಲ್ಲ, ತನ್ನದೆನ್ನುವುದು ಏನೂ ಇರಲಿಲ್ಲ. ಜಾರಿ ಬಿದ್ದಳು ಎಂದು ರೂಪೇಶ್ ಆಗಲೇ ಎಲ್ಲರಿಗೂ ಹೇಳಿದ್ದ. ವೀಣಾಳೂ ಹೂಂ ಅಂದಳು. ನಡೆಯಲಾಗದವಳಿಗೆ ಅವನಲ್ಲದೆ ಇನ್ನಾರು ಗತಿ ಎಂದುಕೊಂಡಿದ್ದಳು. ಡಿಸ್ಚಾರ್ಜ್ ದಿನ ಅವನು ಬರಲೇ ಇಲ್ಲ. ತಾಯಿ ಹಾಲಮ್ಮ ಭದ್ರಾವತಿಯ ತನ್ನ ಮನೆಗೆ ಕರೆತಂದಳು.

ಒಂದು ಬೆಳಿಗ್ಗೆ ಸ್ನಾನಕ್ಕೆ ಕಾಯಿಸಿ ತಂದಿಟ್ಟ ನೀರನ್ನು ವೀಣಾ ತಣ್ಣೀರು ಬೆರೆಸದೆ, ಬೇಕೆಂದೇ ತೊಡೆಯ ಮೇಲೆ ಸುರಿದುಕೊಂಡಳು. ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತು. ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದಳು. ಹಾಲಮ್ಮ ಓಡಿ ಬಂದು ಕೊಡಗಟ್ಟಲೆ ತಣ್ಣೀರು ಸುರಿದಳು, ಆಮೇಲೆ ಮಗಳ ಕೆನ್ನೆಗೆ ಬಾರಿಸಿದಳು.

"ನೋವಾಗಲ್ಲ ಕಣಮ್ಮ."

"ನಿಂಗಾಗಲ್ಲ. ದಿನಾ ಈ ಗಾಯ ತೊಳೆಯೋಳು ನಾನು. ನಂಗಾಗುತ್ತೆ."

ಹಾಲಮ್ಮ ಒದ್ದೆ ನೆಲದಲ್ಲೇ ಕೂತು ಅತ್ತಳು. ವೀಣಾ ಅವಳ ಒದ್ದೆ ಸೆರಗು ಹಿಡಿದು, "ಜಾರಿದ್ದಲ್ಲಮ್ಮ, ಅವನು ತಳ್ಳಿದ" ಎಂದಳು.

ಸುಟ್ಟ ಗಾಯ ಮಾಯುವ ಮೊದಲೇ ಪೊಲೀಸರಿಗೆ ಹೇಳಿಕೆ ಕೊಟ್ಟಳು. ರೂಪೇಶ್ ಜೈಲಿಗೆ ಹೋಗಿ, ಜಾಮೀನಿನ ಮೇಲೆ ಹೊರಬಂದ. ಈ ನಡುವೆ ಶೀಲಾ ಎಂಬ ಫಿಸಿಯೋಥೆರಪಿಸ್ಟ್ ಮನೆಗೆ ಬಂದು, ತೋಳಿನ ಬಲದಿಂದಲೇ ಮಂಚದಿಂದ ಗಾಲಿಕುರ್ಚಿಗೆ ಜರುಗುವುದನ್ನು ಕಲಿಸಿದಳು. ವೀಣಾ ಅವಳನ್ನು ಬಾಯಿಗೆ ಬಂದಂತೆ ಬೈದಳು, ಒಮ್ಮೆ ಕೈಯನ್ನೇ ಕಚ್ಚಿದಳು. ಶೀಲಾ ಡೆಟಾಲ್ ಹಚ್ಚಿಕೊಂಡು ಮರುದಿನವೂ ಬಂದಳು.

ಹಾಲಮ್ಮ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ರೂಪೇಶ್ ಬಾಗಿಲು ತಳ್ಳಿಕೊಂಡು ಒಳಬಂದ.

"ಕೇಸ್ ವಾಪಸ್ ತಗೋ ಮಾರಾಯ್ತಿ. ಜಾರಿ ಬಿದ್ದೆ ಅನ್ನು, ಸಾಕು. ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೋತೀನಿ."

"ಅನ್ನಲ್ಲ."

ಅವನು ಕುರ್ಚಿಗೆ ಒದ್ದ. ಅವಳು ಮಗುಚಿ ಬಿದ್ದಳು. ಅವನ ಬೂಟು ಮೊಣಕಾಲಿನ ಕೆಳಗೆ ಅಪ್ಪಳಿಸಿತು. ಲಟಕ್ಕೆಂದ ಸದ್ದು ಕೇಳಿತು, ನೋವು ಬರಲಿಲ್ಲ. ಅವಳು ಕಿರುಚಲಿಲ್ಲವೆಂದು ರೊಚ್ಚಿಗೆದ್ದು ಇನ್ನೊಮ್ಮೆ ಕಾಲೆತ್ತಿದ. ನೆಲದ ಮೇಲಿದ್ದ ಅವನ ಇನ್ನೊಂದು ಕಾಲನ್ನು ವೀಣಾ ಎರಡೂ ಕೈಯಿಂದ ಹಿಡಿದು ಎಳೆದಳು. ಹಣೆ ಬಾಗಿಲ ಚೌಕಟ್ಟಿಗೆ ಬಡಿದು ಅವನು ಕುಸಿದ. ಮುಖದ ತುಂಬಾ ರಕ್ತ. ತೆವಳಿಕೊಂಡು ಹೋಗಿ ಅವನ ಎದೆಯ ಮೇಲೆ ಬಿದ್ದು, ಮೊಣಕೈಯನ್ನು ಗಂಟಲಿಗೆ ಒತ್ತಿದಳು. ಅವನ ಕಣ್ಣುಗುಡ್ಡೆಗಳು ಹೊರಬಂದಂತಾದವು. ಕೊಂದುಬಿಡಬೇಕು ಅನ್ನಿಸಿದ್ದು ನಿಜ. ಅದನ್ನು ಆಮೇಲೆ ಶೀಲಾಳ ಹತ್ತಿರ ಮುಚ್ಚಿಡಲಿಲ್ಲ.

"ಸತ್ರೆ ಕೋರ್ಟಿಗೆ ಯಾರು ಬರ್ತಾರೆ?" ಎಂದು ಅವನ ಕಿವಿಯಲ್ಲಿ ಹೇಳಿ, ಉಸಿರಾಡುವಷ್ಟು ಮಾತ್ರ ಸಡಿಲಿಸಿದಳು. ಗಲಾಟೆ ಕೇಳಿ ಪಕ್ಕದ ಮನೆಯ ಕೊಟ್ರಬಸಪ್ಪ ಬಂದು ಟವೆಲ್ಲಿನಿಂದ ಅವನ ಕೈ ಕಟ್ಟುವವರೆಗೂ ಮೇಲಿಂದ ಇಳಿಯಲಿಲ್ಲ.

ಎಕ್ಸ್‌ರೇಯಲ್ಲಿ ಕಾಲಿನ ಮೂಳೆ ಎರಡು ತುಂಡಾಗಿತ್ತು. ರೂಪೇಶನ ಜಾಮೀನು ರದ್ದಾಯಿತು, ಮುಂದೆ ಶಿಕ್ಷೆಯೂ ಆಯಿತು. ವೀಣಾಳ ಕೋಪ ಮಾತ್ರ ಹೋಗಿಲ್ಲ. ಕೆಲವು ದಿನ ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತದೆ. ಹಾಲಮ್ಮ ಹೊದಿಕೆ ಎಳೆದುಹಾಕುತ್ತಾಳೆ. ಇವಳು ಬೈಯುತ್ತಾಳೆ, ಬೈಯುತ್ತಲೇ ಕುರ್ಚಿಗೆ ಜರುಗುತ್ತಾಳೆ.