ಕರಿ ಐದರಿಂದ ಕರಿ ಮೂರಕ್ಕೆ

ನಾನು ಒಂದು ಹಾರ್ಮೋನಿಯಂ. ಕಾಲಿನಿಂದ ತುಳಿದು ಕೈಯಿಂದ ನುಡಿಸುವ ಜಾತಿ. ನಾಟಕದವರ ಬಾಯಲ್ಲಿ ಪೇಟಿ. ಬೆಳಗಾವಿಯ ಬಡಗಿಯೊಬ್ಬ ನನಗೆ ತೇಗದ ಮೈ ಕೊಟ್ಟ. ಅವನ ಅಣ್ಣ ನನ್ನ ಹಿತ್ತಾಳೆ ನಾಲಗೆಗಳನ್ನು ಅರದಿಂದ ಉಜ್ಜಿ ಉಜ್ಜಿ ಮಾತು ಕಲಿಸಿದ. ಹೆಂಡತಿ ಹತ್ತು ಸಲ ಕೂಗಿದರೂ ಕೇಳಿಸದ ಆ ಮನುಷ್ಯ, ನನ್ನ ನಿಷಾದ ಕೂದಲೆಳೆಯಷ್ಟು ಏರಿದ್ದಕ್ಕೆ ಊಟ ಬಿಟ್ಟು ಎದ್ದು ಬಂದ. ಸಂಗೀತದವರ ಕಿವಿ ಎಂಥದೆಂದು ಹುಟ್ಟಿದ ವಾರವೇ ನನಗೆ ತಿಳಿಯಿತು.

ಮೊದಲು ಒಬ್ಬ ತಹಶೀಲ್ದಾರರ ಮನೆ ಸೇರಿದೆ. ಮಗಳನ್ನು ನೋಡಲು ಗಂಡಿನವರು ಬಂದಾಗ ಮಾತ್ರ ನನ್ನ ಮೇಲಿನ ಕಸೂತಿ ಬಟ್ಟೆ ತೆಗೆಯುತ್ತಿದ್ದರು. ಅವಳು ಒಂದೇ ಹಾಡನ್ನು ಒಂದೇ ಜಾಗದಲ್ಲಿ ತಪ್ಪುತ್ತಿದ್ದಳು. ಆರನೆಯ ಗಂಡಿನವರು ಅವಳ ಬಳೆ ನೋಡುತ್ತ ‘ಬಾಳ ಚಂದ’ ಎಂದರು. ಮದುವೆಯಾಯಿತು, ನಾನು ನಾಟಕ ಕಂಪನಿಗೆ ಹೋದೆ.

ಅಲ್ಲಿ ನನ್ನನ್ನು ತುಳಿದವರು ರಾಚಯ್ಯ ಮಾಸ್ತರರು. ನಾಯಕಿ ಕುಸುಮವ್ವ. ಬೆರಳಿಂದ ಒತ್ತುವ ನನ್ನ ಪಟ್ಟಿಗಳಿಗೆ ಮನೆ ಎನ್ನುತ್ತಾರೆ; ಕರಿ ಮನೆಗಳಲ್ಲಿ ಐದನೆಯದು ಅವಳ ಷಡ್ಜ. ಹೆಂಗಸರಿಗೂ ಅದು ಎತ್ತರವೇ. ಕಂಪನಿಯಲ್ಲಿ ಒಂದು ಕಟ್ಟಳೆಯಿತ್ತು: ದನಿ ಇಳಿದ ದಿನ ನಾಯಕಿ ತಾಯಿ ಪಾತ್ರಕ್ಕೆ. ತಾಯಿಗೆ ಬಿಳಿ ಸೀರೆಯಿದೆ, ಅಳುವಿದೆ, ಹಾಡಿಲ್ಲ.

ನಲವತ್ತು ದಾಟಿದ ಮೇಲೆ ಕುಸುಮವ್ವನ ದನಿ ಇಳಿಯತೊಡಗಿತು. ಕ್ಯಾಂಪು ಬದಲಾಗಿ ಹೊಸ ಊರಿಗೆ ಹೋದಾಗ ಮಾಸ್ತರರು ಸದ್ದಿಲ್ಲದೆ ಪಕ್ಕದ ತಗ್ಗಿನ ಮನೆಗೆ ಬೆರಳು ಸರಿಸಿದರು. ಅವಳು ಅರೆಗಳಿಗೆ ತಡೆದಳು, ಅವರನ್ನು ನೋಡಿದಳು, ಹಾಡಿದಳು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಒಂಬತ್ತು ವರ್ಷಗಳಲ್ಲಿ ಹೀಗೆ ಕರಿ ಬಿಳಿ ಸೇರಿ ನಾಲ್ಕು ಮನೆ ಇಳಿದು ಕರಿ ಮೂರಕ್ಕೆ ಬಂದೆವು. ಜನ ಮಾತ್ರ ‘ದನಿ ಒಂದೀಟೂ ಬದಲಾಗಿಲ್ಲ’ ಎಂದು ಸೀಟಿ ಹೊಡೆಯುತ್ತಿದ್ದರು.

ಕಂಪನಿಯನ್ನು ಗೂಳಪ್ಪ ಕೊಂಡ. ಅಕ್ಕಿ ಗಿರಣಿ ನಡೆಸಿದ ಕಿವಿ. ಗದ್ದಲ ನಿಂತರೆ ಮಾತ್ರ ಅದಕ್ಕೆ ಏನೋ ಕೆಟ್ಟಿದೆ ಎಂದು ತಿಳಿಯುತ್ತಿತ್ತು. ಅವನು ಕೀಬೋರ್ಡು ತಂದ. ನನ್ನನ್ನು ರಂಗದ ಪಕ್ಕಕ್ಕೆ ನೂಕಿದರು.

ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ತಾನೇ ಇಳಿಯುತ್ತದೆ, ಬೆರಳು ಸರಿಸಬೇಕಿಲ್ಲ. ಆದರೆ ಎಷ್ಟು ಇಳಿಯಿತೆಂಬುದನ್ನು ಪುಟ್ಟ ಕಿಟಕಿಯೊಂದು ಊರಿಗೆಲ್ಲ ಸಾರುತ್ತದೆ. ತಾಲೀಮಿನ ಮೊದಲ ದಿನ ಮಾಸ್ತರರು ಅದನ್ನು ಕುಸುಮವ್ವನ ಮಟ್ಟಕ್ಕೆ ಇಳಿಸಿ ಕೂತಿದ್ದರು; ಗೂಳಪ್ಪ ಬಗ್ಗಿ ಕಿಟಕಿ ನೋಡಿದ.

“ಏನ್ರೀ ಮಾಸ್ತರ, ಇದ್ಯಾಕ ಮೈನಸ್ ನಾಕು?”

ಕುಸುಮವ್ವ ಥಟ್ಟನೆ, “ವೋಲ್ಟೇಜ್ ಇರಬೇಕ್ರೀ ಮಾಲಕರ” ಎಂದಳು.

ಗಿರಣಿಯವನಿಗೆ ವೋಲ್ಟೇಜು ಅರ್ಥವಾಯಿತು. “ಹಂಗಾರ ಚೂರು ಏರಸೂಣು” ಎಂದು ಗುಂಡಿ ಒತ್ತಿದ. ಮೈನಸ್ ಮೂರು. ಕುಸುಮವ್ವ ಕಣ್ಣಲ್ಲೇ ಮಾಸ್ತರರಿಗೆ ‘ನುಡಿಸಿ’ ಎಂದಳು. ಒಂದು ಮನೆ ಏರಿದರೂ ಅವಳು ಹೇಗೋ ಏಗುತ್ತಿದ್ದಳು. ಎರಡು ಸಾಲು ಹಾಡಿಯೂ ಹಾಡಿದಳು. ತಾರಸ್ಥಾಯಿಯಲ್ಲಿ ಸ್ವರಕ್ಕಿಂತ ಎಳೆಯಷ್ಟು ಕೆಳಗೆ ನಿಂತಳು. ಗೂಳಪ್ಪ ತಲೆದೂಗುತ್ತಿದ್ದ.

ಮಾಸ್ತರರ ಕೈ ನಿಂತಿತು.

“ಇದು ವೋಲ್ಟೇಜ್ ಅಲ್ಲರೀ. ಕುಸುಮವ್ವಾರದು ಮೈನಸ್ ನಾಕ. ಮದ್ಲ ಕರಿ ಐದಿತ್ತು, ಈಗ ಕರಿ ಮೂರು. ತಪ್ಪು ಸ್ವರ ನುಡ್ಸಾಕ ನನ್ನ ಕೈಲೆ ಆಗೂದಿಲ್ಲ.”

ಒಂಬತ್ತು ವರ್ಷ ಕಾಪಾಡಿದ್ದನ್ನು ಒಂದು ಅರೆಸ್ವರಕ್ಕಾಗಿ ಚೆಲ್ಲಿದ ಆ ಮನುಷ್ಯನ ಮುಖದಲ್ಲಿ, ನಾನು ಕಂಡಂತೆ, ಆಗ ಇದ್ದದ್ದು ಸಮಾಧಾನ. ಏನು ಮಾಡಿದೆನೆಂಬುದು ಹೊಳೆದದ್ದು ಆಮೇಲೆ.

ಗೂಳಪ್ಪ ಲೆಕ್ಕ ಹಾಕಿದ. “ನಾಕು ಇಳದೈತೇನು? ಹಂಗಾರ ಅಕ್ಕಾರ ಇನ್ನ ತಾಯಿ ಮಾಡ್ಲಿ.”

ಹೊಸ ನಾಯಕಿ ಬಂದಳು. ಹತ್ತೊಂಬತ್ತು ವರ್ಷ, ಕಿಟಕಿಯಲ್ಲಿ ಸೊನ್ನೆ. ಪ್ರತಿ ಹಾಡಿನಲ್ಲೂ ಪಂಚಮ ಕಚ್ಚದೆ ಜಾರುತ್ತದೆ. “ನೋಡ್ರಿ, ಮೈನಸ್ಸೇ ಇಲ್ಲ!” ಎನ್ನುತ್ತಾನೆ ಗೂಳಪ್ಪ.

ನನ್ನ ತಿದಿಯನ್ನು ಇಲಿ ಕಡಿದಿದೆ. ಮೂಲೆಯಲ್ಲಿ ನನ್ನ ಮೇಲೆ ಬಣ್ಣದ ಡಬ್ಬಿಗಳು. ಬಿಳಿ ಸೀರೆಯುಟ್ಟ ಕುಸುಮವ್ವ ತನ್ನ ಅಳುವಿನ ಸರದಿ ಬರುವತನಕ ಪಕ್ಕದಲ್ಲಿ ಕೂತು, ಕರಿ ಮೂರನ್ನು ಒತ್ತಿ ಹಿಡಿದಿರುತ್ತಾಳೆ. ಗಾಳಿಯಿಲ್ಲ, ದನಿಯಿಲ್ಲ. ಅವಳು ಮಾತ್ರ ತಲೆದೂಗುತ್ತಾಳೆ.

ನಿನ್ನೆ ಮಧ್ಯಾಹ್ನದ ಆಟದ ನಡುವೆ ಮಾಸ್ತರರು ಕಿವಿ ಮುಚ್ಚಿಕೊಂಡು ಓಡಿಬಂದರು.

“ಕುಸುಮವ್ವಾ, ಆ ಹುಡಿಗಿ ಪಂಚಮ ಕೇಳಿದಿಯೇನ? ದಿನಾ ಜೀವ ಹೋಗತೈತಿ! ಇಲ್ಲಿ ಯಾರಿಗೂ ಕೇಳ್ಸೂದಿಲ್ಲ. ನಿನಗರ ಕೇಳ್ಸತೈತಲ್ಲ?”

ಕುಸುಮವ್ವ ನನ್ನ ಮೇಲಿನ ಬೆರಳನ್ನು ತೆಗೆಯಲಿಲ್ಲ.

“ವೋಲ್ಟೇಜ್ ಇರಬೇಕು, ಮಾಸ್ತರ” ಎಂದಳು.