ಮರಗಳ ಪ್ರಸಂಗ

ನಮ್ಮ ಚರ್ಚಿನ ಬೋಧಕರಿಗೆ ನಾಲ್ಕು ಕಡೆ ಹೆಸರು ತಂದುಕೊಟ್ಟದ್ದು ಆರಾಧನೆಯಲ್ಲಿ ಅವರು ಮಾಡುತ್ತಿದ್ದ ಮರಗಳ ಪ್ರಸಂಗ. ಸುವಾರ್ತೆಯಲ್ಲಿ ಬರುವ ಪುಟ್ಟದೊಂದು ಅದ್ಭುತದ ಕಥೆಯೇ ಅದರ ವಸ್ತು. ಯೇಸು ಒಬ್ಬ ಕುರುಡನ ಕೈಹಿಡಿದು ಊರಾಚೆಗೆ ಕರೆದೊಯ್ಯುತ್ತಾನೆ. ಅವನ ಕಣ್ಣಿಗೆ ಉಗುಳು ಹಚ್ಚಿ, ಏನಾದರೂ ಕಾಣುತ್ತಿದೆಯೇ ಎಂದು ಕೇಳುತ್ತಾನೆ. ಜನ ಕಾಣುತ್ತಿದ್ದಾರೆ, ಆದರೆ ನಡೆದಾಡುವ ಮರಗಳ ಹಾಗಿದ್ದಾರೆ ಎನ್ನುತ್ತಾನೆ ಆತ. ಯೇಸು ಇನ್ನೊಮ್ಮೆ ಅವನ ಕಣ್ಣು ಮುಟ್ಟುತ್ತಾನೆ. ಆಗ ಎಲ್ಲವೂ ನಿಚ್ಚಳವಾಗುತ್ತದೆ.

ಒಂದೇ ಮಾತಿಗೆ ಸತ್ತವರನ್ನು ಎಬ್ಬಿಸಿದವನು ಇವನೊಬ್ಬನ ವಿಷಯದಲ್ಲಿ ಎರಡು ಸಲ ಯಾಕೆ ಕೈಯಿಟ್ಟ? ಈ ಪ್ರಶ್ನೆಯನ್ನು ಹಿಡಿದು ಎಷ್ಟೋ ಕಾಲದಿಂದ ಬೋಧಕರು ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಬೋಧಕರ ಗುರುಗಳು, ಯೇಸುವಿನ ಶಿಷ್ಯರಿಗೂ ಆಗ ಅರ್ಧಂಬರ್ಧವೇ ಅರ್ಥವಾಗಿತ್ತು, ಆ ಮಂಜುಗಣ್ಣು ಅವರದೇ ಎನ್ನುತ್ತಿದ್ದರು. ಪಕ್ಕದ ಸಭೆಯ ಹಿರಿಯ ಬೋಧಕರೊಬ್ಬರು, ದೇವರು ನಿಧಾನ ಮಾಡಿದರೆ ಗೊಣಗಬೇಡಿ ಎಂಬುದೇ ಇದರ ಪಾಠ ಎಂದು ಹೇಳಿ ಕೂತುಬಿಡುತ್ತಿದ್ದರು. ನಮ್ಮವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಅರ್ಧ ನೋಟವೆಂದರೆ ಅರ್ಧ ನಂಬಿಕೆ ಎಂದು ಶುರುಮಾಡಿ, ಏರಿಸುತ್ತ ಏರಿಸುತ್ತ ಹೋಗಿ, ಕೊನೆಗೆ ತಟ್ಟನೆ ದನಿ ತಗ್ಗಿಸಿ, "ನೀವು ಇನ್ನೂ ಆ ಮರಗಳ ನಡುವೆಯೇ ನಿಂತುಬಿಟ್ಟಿದ್ದೀರಾ?" ಎಂದು ಕೇಳುತ್ತಿದ್ದರು. ಕಲ್ಲಿನಂಥವರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಮುಂದಿನ ಸಾಲಿನಲ್ಲಿ ಕೂತು ಈ ಪ್ರಸಂಗವನ್ನು ಮತ್ತೆ ಮತ್ತೆ ಕೇಳಿದ ಅವರ ಹೆಂಡತಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ.

ಹುಟ್ಟುಕುರುಡಲ್ಲ ಆಕೆ. ಹರೆಯದಲ್ಲಿ ಕಣ್ಣಿಗೆ ಸೋಂಕು ತಗಲಿ ಕಾರ್ನಿಯಾ ಬೆಳ್ಳಗಾಗಿ ಹೋಗಿತ್ತು. ಆಮೇಲೆ ಕುರ್ಚಿಗಳಿಗೆ ಬೆತ್ತ ಹೆಣೆಯುವುದನ್ನು ಕಲಿತಳು. ಸಭೆಯ ಕುರ್ಚಿಗಳನ್ನು ಹೆಣೆಯಲು ಬಂದವಳು ಬೋಧಕರ ಮನಸ್ಸನ್ನೂ ಹೆಣೆದುಕೊಂಡು ಹೋದಳು ಎಂದು ಅವಳ ಅತ್ತೆ, ಬೋಧಕರ ತಾಯಿ, ಈಗಲೂ ತಮಾಷೆ ಮಾಡುತ್ತಾರೆ. ಮದುವೆಯಾದ ಮೇಲೂ ಕೆಲಸ ಬಿಡಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ, ನೀರಿನ ಬಕೆಟ್ಟಿನಲ್ಲಿ ನೆನೆದ ಬೆತ್ತದ ಪಟ್ಟಿಗಳ ವಾಸನೆಯ ನಡುವೆ, ಬರಿಯ ಚೌಕಟ್ಟುಗಳನ್ನು ಮಡಿಲಿಗೆ ಎಳೆದುಕೊಂಡು ಕೂರುತ್ತಿದ್ದಳು.

ಪ್ರಸಂಗದ ದಿನ ಸಭೆ ಮುಗಿದ ಮೇಲೆ ಹೆಂಗಸರು ಬಂದು ಅವಳ ಕೈ ಅದುಮುತ್ತಿದ್ದರು. "ನಂಬಿಕೆ ಗಟ್ಟಿ ಇರ್ಲಿ ಕಣಮ್ಮ. ನಿಂಗೂ ಎರಡನೇ ಸಲ ಮುಟ್ತಾನೆ." ಅವಳು ನಕ್ಕು ತಲೆಯಾಡಿಸುತ್ತಿದ್ದಳು. ಗಂಡನಿಗೆ ಮಾತ್ರ ಇದನ್ನು ಯಾವತ್ತೂ ಹೇಳಿರಲಿಲ್ಲ.

ಹೀಗಿರುವಾಗ ದೂರದ ಪಟ್ಟಣದ ಕಣ್ಣಾಸ್ಪತ್ರೆಯಿಂದ ಕರೆ ಬಂತು. ತೀರಿಹೋದವರೊಬ್ಬರ ಕಣ್ಣು ದಾನವಾಗಿ ಬಂದಿದೆ, ಬಲಗಣ್ಣಿಗೆ ಹೊಸ ಕಾರ್ನಿಯಾ ಕೂರಿಸಬಹುದು, ಕೂಡಲೇ ಹೊರಡಿ ಎಂದರು. ಇಡೀ ಸಭೆ ಮೊಣಕಾಲೂರಿತು. ಅತ್ತೆ ಊಟ ಬಿಟ್ಟು ಪ್ರಾರ್ಥನೆಗೆ ಕೂತರು. ರೈಲಿನಲ್ಲಿ ಬೋಧಕರು ಆಗಾಗ ತಮ್ಮ ಮುಖ ಸವರಿಕೊಳ್ಳುತ್ತ ಕೂತಿದ್ದರು. ಹೆಂಡತಿಯೇ ಅವರ ಮೊಣಕೈ ತಿವಿದಳು.

"ಏನ್ರೀ, ಉಸಿರೇ ಇಲ್ಲ?"

"ನೀನು ನನ್ನ ಮುಖ ನೋಡಿಲ್ವಲ್ಲ, ಅದನ್ನೇ ಯೋಚಿಸ್ತಿದ್ದೆ."

"ಕೈಯಲ್ಲಿ ನೋಡಿದೀನಲ್ಲ."

"ಕೈಗೆ ದಾಕ್ಷಿಣ್ಯ ಜಾಸ್ತಿ. ಕಣ್ಣು ಹಾಗಲ್ಲ."

ಅವಳು ಕಿಲಕಿಲನೆ ನಕ್ಕಳು. ಎದುರು ಸೀಟಿನಲ್ಲಿ ತೂಕಡಿಸುತ್ತಿದ್ದವರು ಎಚ್ಚೆತ್ತು ನೋಡುವಷ್ಟು ನಕ್ಕಳು. ಆಮೇಲೆ ಹೇಳಿದಳು: "ನಿಜ ಹೇಳ್ಲಾ? ನಿಮಗೆ ನಾನೊಂದು ಮುಖ ಕೊಟ್ಬಿಟ್ಟಿದೀನಿ. ಕಣ್ಣು ಹೋಗೋವಾಗ ನಂಗೆ ಕೊನೆಗೆ ಸರಿಯಾಗಿ ಕಂಡಿದ್ದು ಆಸ್ಪತ್ರೆ ಕಾಂಪೌಂಡರ್ ಮುಖ. ಅದೇ ಇರ್ಲಿ ಅಂತ ನಿಮಗೆ ಅಂಟಿಸಿದೆ. ದಪ್ಪ ಮೀಸೆ."

"ನಂಗೆ ಮೀಸೇನೇ ಇಲ್ವಲ್ಲೇ!"

"ಕೈಗೆ ಗೊತ್ತು. ಮನಸ್ಸು ಮಾತ್ರ ಬೋಳಿಸೋಕೆ ಬಿಡ್ಲಿಲ್ಲ."

ಪಟ್ಟಿ ಬಿಚ್ಚಿದ ಬೆಳಿಗ್ಗೆ ವೈದ್ಯೆ ಹಗುರವಾಗಿ, "ಏನಾದ್ರೂ ಕಾಣ್ತಿದ್ಯಾ?" ಎಂದು ಕೇಳಿದಾಗ ಬೋಧಕರು ಬೆಚ್ಚಿ ತಲೆಯೆತ್ತಿದರು. ಸುವಾರ್ತೆಯ ಪ್ರಶ್ನೆಯೇ ಅದು! ಅವರು ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅವಳಿಗೆ ಮೊದಲು ಕಂಡದ್ದು ಹಾಲಿನಂಥ ಬೆಳಕು. ಕತ್ತಲೆಯಾದರೂ ಅವಳಿಗೆ ಅಭ್ಯಾಸವಾಗಿತ್ತು. ಇದು ಎಲ್ಲ ಕಡೆಯಿಂದ ತುಂಬಿಕೊಂಡು ಬರುತ್ತಿತ್ತು. ಅದರೊಳಗೆ ಯಾವುದೋ ಹಸಿರು ನಿಲುವು ಮೆಲ್ಲಗೆ ಬಾಗಿತು, ಮತ್ತೆ ನೆಟ್ಟಗಾಯಿತು. ವೈದ್ಯೆಯ ನಿಲುವಂಗಿ. "ಹಸಿರು," ಎಂದಳು ಅವಳು, ಮರೆತೇಹೋಗಿದ್ದ ಗೆಳತಿಯನ್ನು ಕರೆದಂತೆ.

"ನಿಧಾನಕ್ಕೆ ತಿಳಿಯಾಗುತ್ತೆ," ಎಂದರು ವೈದ್ಯೆ. "ಆದ್ರೆ ನೆನಪಿರ್ಲಿ. ಕಣ್ಣು ಕೆಂಪಾದ್ರೆ, ನೋವು ಬಂದ್ರೆ, ಮಂಜು ಮತ್ತೆ ಜಾಸ್ತಿಯಾದ್ರೆ, ಆ ಕ್ಷಣ ಇಲ್ಲಿಗೆ ಬರ್ಬೇಕು. ಸುಮ್ನೆ ಕೂರಬಾರ್ದು."

ಊರಿಗೆ ಮರಳಿದ ಮೇಲಿನ ದಿನಗಳು ಅವಳಿಗೆ ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊತ್ತಿನಂತೆ ಕಳೆದವು. ಹೊಸ್ತಿಲ ಬಳಿ ಬೆತ್ತದ ಪುಟ್ಟ ಪೀಠ ಹಾಕಿಕೊಂಡು ಬೀದಿ ನೋಡುತ್ತ ಕೂರುತ್ತಿದ್ದಳು. ಬೆಳಕು ಬೀದಿಯ ಆ ತುದಿಯಿಂದ ನೀರಿನ ಹಾಗೆ ಬರುತ್ತಿತ್ತು. ಅದರಲ್ಲಿ ಜನ ಬರುತ್ತಿದ್ದರು. ಉದ್ದದ ಕಂದು ಕಾಂಡಗಳು, ಮೇಲೆ ಕಪ್ಪು ಗೊಂಚಲು, ಅಲ್ಲಿಲ್ಲಿ ಹೂಬಿಟ್ಟ ಹಾಗೆ ಕೆಂಪು, ಹಳದಿ. ಎರಡು ಮರಗಳು ಎದುರುಬದುರಾಗಿ ನಿಂತು ಕೊಂಬೆ ಆಡಿಸಿದರೆ ಜಗಳವೋ ನಗುವೋ ತಿಳಿಯುತ್ತಿರಲಿಲ್ಲ. ಒಂದು ದೊಡ್ಡ ಮರದಿಂದ ಚಿಕ್ಕ ಮರವೊಂದು ಕಳಚಿಕೊಂಡು ಓಡಿಹೋಗುತ್ತಿತ್ತು. ಸೈಕಲ್ಲುಗಳು ಗಾಳಿಗೆ ಹಾರಿದ ಟೊಂಗೆಗಳಂತೆ ಜಾರಿಹೋಗುತ್ತಿದ್ದವು. ಇಡೀ ಕಾಡೇ ಬೇರು ಕಿತ್ತುಕೊಂಡು ಅಂಗಡಿಬೀದಿಗೆ ಬಂದಿದೆ ಎನ್ನಿಸಿ ಅವಳು ಒಬ್ಬಳೇ ನಗುತ್ತಿದ್ದಳು. ಅಷ್ಟು ಚಂದದ್ದನ್ನು ತಾನು ಹಿಂದೆ ಕಣ್ಣಿದ್ದಾಗಲೂ ನೋಡಿರಲಿಲ್ಲ ಎಂದುಕೊಂಡಳು.

ಬೋಧಕರಿಗೆ ಮಾತ್ರ ಸಮಾಧಾನವಿರಲಿಲ್ಲ. ಹೊರಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ, ಊಟಕ್ಕೆ ಕೂತಾಗ ಇನ್ನೊಮ್ಮೆ ಕೇಳುತ್ತಿದ್ದರು.

"ಇವತ್ತು ಹೇಗಿದೆ?"

"ಚೆನ್ನಾಗಿದೆ ರೀ."

"ಚೆನ್ನಾಗಿದೆ ಅಂದ್ರೆ? ನಿನ್ನೆಗಿಂತ?"

"ನಿನ್ನೆಗಿಂತ."

ಮೊದಮೊದಲು ಅದು ನಿಜವೇ ಆಗಿತ್ತು. ಮಂಜು ತೆಳುವಾಗುತ್ತಿತ್ತು. ಒಂದು ದಿನ ಬಾಗಿಲಿನ ಚಿಲಕವನ್ನು ಕೈ ಚಾಚುವ ಮೊದಲೇ ಕಂಡಳು. ಬೋಧಕರು ಅಂದೇ ಸಭೆಯ ಹಿರಿಯರ ಮನೆಗೆ ಓಡಿದರು. ದೇವರಿಗೆ ಕೃತಜ್ಞತೆ ಹೇಳುವ ಸ್ತೋತ್ರದ ಆರಾಧನೆ ಇಡಬೇಕು, ಮರಗಳ ಪ್ರಸಂಗವನ್ನು ಹೊಸದಾಗಿ ಮಾಡಬೇಕು, ಕೊನೆಗೆ ಹೆಂಡತಿ ಎದ್ದು ನಿಂತು ಸಾಕ್ಷಿ ಹೇಳಬೇಕು ಎಂದೆಲ್ಲ ತೀರ್ಮಾನವಾಯಿತು. ಪಕ್ಕದ ಸಭೆಯವರಿಗೂ ಕರೆ ಹೋಯಿತು. ಅತ್ತೆ ಮನೆಯ ಕಿಟಕಿಗಳನ್ನೆಲ್ಲ ಉಜ್ಜಿ ಉಜ್ಜಿ ತೊಳೆದರು. "ಸೊಸೆ ನೋಡೋ ಹೊತ್ತಿಗೆ ಧೂಳಿರಬಾರ್ದಪ್ಪ, ಆಮೇಲೆ ಜನ್ಮವೆಲ್ಲ ಆಡಿಕೊಳ್ತಾಳೆ," ಎಂದರು.

ಆ ವಾರದಲ್ಲೇ ಮಂಜು ತಿರುಗಿ ದಟ್ಟವಾಗತೊಡಗಿತು.

ಮೊದಲು ಚಿಲಕ ಕರಗಿತು. ಆಮೇಲೆ ಬಾಗಿಲಿನ ಅಂಚು. ಬೀದಿಯ ಮರಗಳು ಹೂ ಕಳೆದುಕೊಂಡು ಬೂದು ಕಂಬಗಳಾದವು. ಕಣ್ಣೊಳಗೆ ಮರಳು ಉರುಳಿದಂತೆ ಸಣ್ಣಗೆ ಉರಿ. ಇನ್ನೇನು, ಆರಾಧನೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಊರಿಗೆ ಊರೇ ಪ್ರಾರ್ಥಿಸಿದೆ. ಅತ್ತೆ ಊಟ ಬಿಟ್ಟಿದ್ದರು. ಈಗ ಹೋಗಿ ಕಾಣುತ್ತಿಲ್ಲ ಎಂದರೆ ಅವರ ಪ್ರಾರ್ಥನೆಯನ್ನೇ ಮುಖಕ್ಕೆ ಎಸೆದಂತೆ. ಅದಕ್ಕಿಂತ ಹೆಚ್ಚಾಗಿ, ಅರ್ಧ ನೋಟವೆಂದರೆ ಅರ್ಧ ನಂಬಿಕೆ ಎಂಬ ಮಾತು ಗಂಡನ ದನಿಯಲ್ಲೇ ಅವಳ ಕಿವಿಯಲ್ಲಿ ಕೂತಿತ್ತು. ಅವರು ಕೇಳಿದಾಗಲೆಲ್ಲ "ಚೆನ್ನಾಗಿದೆ" ಎಂದಳು. ಕೆಂಪು ಕಾಣದಿರಲೆಂದು ಬಿಸಿಲಿನ ನೆಪ ಹೇಳಿ ಕಪ್ಪು ಕನ್ನಡಕ ಹಾಕಿಕೊಂಡಳು.

ಆರಾಧನೆಯ ದಿನ ಸಭೆ ಕಿಕ್ಕಿರಿದಿತ್ತು. ಅವಳೇ ಹೆಣೆದ ಕುರ್ಚಿಗಳೆಲ್ಲ ಕಿರುಗುಟ್ಟುತ್ತಿದ್ದವು. ಬೋಧಕರು ಎಂದಿಗಿಂತ ಚೆನ್ನಾಗಿ ಮಾತಾಡಿದರು. ಎತ್ತರದ ಕಿಟಕಿಗಳಿಂದ ಇಳಿದ ಬೆಳಕಿನಲ್ಲಿ ಅವರ ದನಿ ತೇಲುತ್ತಿತ್ತು, ಕೇಳುವವರು ಉಸಿರಾಟವನ್ನೇ ಮರೆತು ತೂಗುತ್ತಿದ್ದರು. ಎರಡನೆಯ ಸ್ಪರ್ಶದ ಹೊತ್ತಿಗೆ ಅವರು ಕೈ ಚಾಚಿ ಹೆಂಡತಿಯನ್ನು ಕರೆದರು. ಅವಳು ಎದ್ದಳು. ಇಡೀ ಸಭೆ ಬಿಳಿ ಹೊಗೆಯಾಗಿತ್ತು. ಎಡಗಡೆ ಎತ್ತರದ ಕಪ್ಪು ಆಕಾರವೊಂದು ನಿಂತಿತ್ತು. ಸಾಕ್ಷಿಗೆ ಮೊದಲು ಹಿರಿಯರಿಗೆ ವಂದಿಸಬೇಕೆಂದು ಹೇಳಿಕೊಟ್ಟಿದ್ದರು. ಅವಳು ಅತ್ತ ತಿರುಗಿ, ವಿನಯದಿಂದ ತಲೆಬಾಗಿ, "ನಮಸ್ಕಾರ ಹಿರಿಯರೇ, ಆರೋಗ್ಯವಾಗಿದೀರಾ?" ಎಂದಳು.

ಅದು ಛತ್ರಿಗಳನ್ನೂ ಕೋಟುಗಳನ್ನೂ ನೇತುಹಾಕುವ ಗೂಟದ ಕಂಬವಾಗಿತ್ತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಲಗಡೆಯಿಂದ ನಿಜವಾದ ಹಿರಿಯರು ಮೆಲ್ಲಗೆ ಕೆಮ್ಮಿದರು. ಅವಳಿಗೆ ಅರ್ಥವಾಯಿತು. ಓಡಿಹೋಗಬೇಕೆನಿಸಿತು, ಓಡುವ ದಾರಿ ಕಾಣುತ್ತಿರಲಿಲ್ಲ. ಕನ್ನಡಕ ತೆಗೆದಳು.

"ನಂಗೆ ಸರಿಯಾಗಿ ಕಾಣ್ತಿಲ್ಲ," ಎಂದಳು. "ಸ್ವಲ್ಪ ದಿನ ನೀವೆಲ್ಲ ಮರಗಳ ಹಾಗೆ ಕಂಡ್ರಿ. ತುಂಬಾ ಚೆನ್ನಾಗಿದ್ರಿ. ಈಗ ಅದೂ ಇಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದೆ."

ಬೋಧಕರು ಬೋಧಪೀಠದಿಂದ ಇಳಿದು ಬಂದರು. ಪ್ರಸಂಗ ಅರ್ಧಕ್ಕೇ ನಿಂತಿತು. ಅವಳ ಗಲ್ಲ ಹಿಡಿದು ಕೆಂಪಾದ ಕಣ್ಣನ್ನು ನೋಡಿದವರು, ಅವಳ ಕೈಹಿಡಿದು ನಡುದಾರಿಯಲ್ಲಿ ನಡೆಸಿಕೊಂಡು ಬಾಗಿಲಾಚೆಗೆ ಹೋದರು. ಅತ್ತೆ ಹಿಂದಿನಿಂದ ಕೂಗಿದರು: "ರೈಲು ಹಿಡೀರೋ! ಇಲ್ಲಿದ್ದು ನಾನು ನೋಡ್ಕೋತೀನಿ!"

ರೈಲಿನ ಕಿಟಕಿಯಾಚೆ ಬಯಲುಗಳು ಹಿಂದೆ ಸರಿಯುತ್ತಿದ್ದವು. ಬೋಧಕರು ಕೇಳಿದರು: "ನಂಗಾದ್ರೂ ಹೇಳ್ಬಾರ್ದಿತ್ತಾ?"

"ನಿಮಗೇ ಹೇಳೋಕೆ ಎಲ್ಲಕ್ಕಿಂತ ಕಷ್ಟ."

"ಯಾಕೆ?"

"ಆ ಕುರುಡನ್ನ ನೀವು ಪ್ರತಿ ಸಲ ಬೈತಿದ್ರಿ. ಅರ್ಧದಲ್ಲಿ ನಿಂತೋನು ಅಂತ. ಅಲ್ಲಿ ಕೂತು ಕೇಳೋವಾಗ ನನ್ನನ್ನೇ ಬೈದ ಹಾಗಾಗ್ತಿತ್ತು."

ಇಷ್ಟು ವರ್ಷ ಬೋಧಕರು ಆ ಮನುಷ್ಯನ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದ್ದರು. ಈಗ ಕಣ್ಣು ಮುಚ್ಚಿದರೆ ಊರಾಚೆಯ ದಾರಿಯಲ್ಲಿ ಅವನು ನಿಂತಿದ್ದ. ಕೆನ್ನೆಯ ಮೇಲೆ ಒದ್ದೆ, ಎದುರಿಗೆ ಕೇಳುತ್ತಿರುವ ಪ್ರಭು. "ಕಾಣುತ್ತಿದೆ ಸ್ವಾಮಿ, ಎಲ್ಲ ಕಾಣುತ್ತಿದೆ" ಎಂದುಬಿಡುವುದು ಎಷ್ಟು ಸುಲಭವಿತ್ತು! ಉಪಕಾರ ಮಾಡಿದವರ ಮನಸ್ಸು ನೋಯದಿರಲೆಂದು ಯಾರಾದರೂ ಹಾಗೆಯೇ ಅನ್ನುತ್ತಿದ್ದರು. ಅವನು ಅನ್ನಲಿಲ್ಲ. ಮರಗಳ ಹಾಗಿದ್ದಾರೆ ಎಂದ. ಹಾಗೆಂದದ್ದರಿಂದಲೇ ಕೈ ಇನ್ನೊಮ್ಮೆ ಬಂತು.

"ಅವನು ಸುಳ್ಳು ಹೇಳ್ಲಿಲ್ಲ," ಎಂದರು ಬೋಧಕರು, ತಮಗೆ ತಾವೇ ಎಂಬಂತೆ.

"ಹೇಳೋ ಅಗತ್ಯ ಬರ್ಲಿಲ್ಲ ಅವನಿಗೆ," ಎಂದಳು ಅವಳು. "ಕೇಳಿದೋನು ಬೇಜಾರು ಮಾಡ್ಕೊಳ್ಳಲ್ಲ ಅಂತ ಗೊತ್ತಿತ್ತು."

ಅವರು ಅವಳ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಕೆನ್ನೆ ಒದ್ದೆಯಾಗಿರುವುದು ಅವಳ ಕೈಗೆ ತಿಳಿಯಿತು. ರೈಲು ಯಾವುದೋ ಸೇತುವೆಯ ಮೇಲೆ ಹೋಗುತ್ತಿತ್ತು, ಕೆಳಗೆಲ್ಲೋ ನೀರಿನ ತಂಪು.

ವೈದ್ಯೆ ದೀಪ ಹಾಕಿ ನೋಡಿದವರು ಗದರಿಯೇಬಿಟ್ಟರು. "ನಿಮ್ಮ ಮೈ ಹೊಸ ಕಾರ್ನಿಯಾನ ದೂಡ್ತಾ ಇದೆ. ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಕೈ ಮೀರಿ ಹೋಗ್ತಿತ್ತು. ಓದಿದೋರು, ನೀವಾದ್ರೂ ಗಮನಿಸ್ಬಾರ್ದಾ?" ಎಂದು ಬೋಧಕರ ಕಡೆ ತಿರುಗಿದರು. "ಗಮನಿಸ್ದೆ ಮೇಡಂ, ನಂಗೆ ಬೇಕಾದ್ದನ್ನ ಮಾತ್ರ ಗಮನಿಸ್ದೆ," ಎಂದರು ಅವರು. ಗಂಟೆ ಗಂಟೆಗೂ ಕಣ್ಣಿಗೆ ಹನಿ ಹಾಕಬೇಕಾಯಿತು. ಆಸ್ಪತ್ರೆಯ ಪಕ್ಕದ ಛತ್ರದಲ್ಲಿ ಕೋಣೆ ಹಿಡಿದರು. ಬೋಧಕರು ಹನಿ ಹಾಕುವುದನ್ನು ಕಲಿತರು. ಮೊದಲ ಹನಿಗಳು ಮೂಗಿಗೂ ಕಿವಿಗೂ ಬಿದ್ದವು.

ಆ ನಡುವೆ ಆ ಪಟ್ಟಣದ ಸಭೆಯವರು ಹೆಸರು ಕೇಳಿ ಬಂದು, ಮರಗಳ ಪ್ರಸಂಗ ಮಾಡಲೇಬೇಕೆಂದು ಪಟ್ಟು ಹಿಡಿದರು. ಬೋಧಕರು ಹೋದರು. ಎಂದಿನ ಏರಿಳಿತವಿರಲಿಲ್ಲ, ಕೊನೆಯ ಪ್ರಶ್ನೆಯೂ ಇರಲಿಲ್ಲ. ಯೇಸು ತಾನು ಮಾಡಿದ ಕೆಲಸ ಸರಿಯಾಯಿತೇ ಎಂದು ಕೇಳಿದ, ಆ ಮನುಷ್ಯ ಪೂರ್ತಿ ಆಗಿಲ್ಲ ಎಂದ, ಇಬ್ಬರಲ್ಲಿ ಯಾರಿಗೂ ಅವಮಾನವಾಗಲಿಲ್ಲ, ಹಾಗೆ ಕೇಳುವವರೂ ಹಾಗೆ ಹೇಳುವವರೂ ನಮ್ಮ ಮನೆಗಳಲ್ಲಿ ಇರಲಿ ಎಂದು ಹೇಳಿ ಕೂತರು. ಯಾರೂ ಅಳಲಿಲ್ಲ. ಹೊರಗೆ ಬರುವಾಗ, "ಹೇಳಿದಷ್ಟೇನೂ ಇರಲಿಲ್ಲಪ್ಪ," ಎಂದು ಇಬ್ಬರು ಮಾತಾಡಿಕೊಂಡದ್ದು ಅವರ ಕಿವಿಗೆ ಬಿತ್ತು. ಅವರಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಹನಿ ಹಾಕುವ ಹೊತ್ತಾಗಿತ್ತು, ಬೇಗ ಬೇಗ ಹೆಜ್ಜೆ ಹಾಕಿದರು.

ಛತ್ರದ ಅಂಗಳದಲ್ಲಿ ಬೆಳಗಿನ ಬಿಸಿಲು. ಅವಳು ಕಟ್ಟೆಯ ಮೇಲೆ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಬೆತ್ತ ಎಳೆದು ಎಳೆದು ಬೆರಳುಗಳ ಮೇಲೆ ಮೂಡಿದ ಗೆರೆಗಳು ಒಂದೊಂದಾಗಿ ನೀರಿನಡಿಯಿಂದ ಮೇಲೆದ್ದು ಬರುತ್ತಿದ್ದವು. ಆಮೇಲೆ ಉಗುರುಗಳು. ಆಮೇಲೆ ಕಟ್ಟೆಯ ಕಲ್ಲಿನ ಮೇಲೆ ಸಾಲಾಗಿ ಹೊರಟ ಇರುವೆಗಳು. ಅವಳು ತಲೆಯೆತ್ತಿದಾಗ ಬಾಗಿಲಿನಲ್ಲಿ ಒಬ್ಬ ಗಂಡಸು ಏದುಸಿರು ಬಿಡುತ್ತ ನಿಂತಿದ್ದ. ಸಣ್ಣಗಿನ ಆಳು, ಅಗಲ ಕಿವಿ, ಹಣೆ ತಲೆಯ ಅರ್ಧಕ್ಕೆ ಹತ್ತಿತ್ತು, ಕೈಯಲ್ಲಿ ಔಷಧದ ಪುಟ್ಟ ಬಾಟಲಿ.

ಅವಳ ದೃಷ್ಟಿ ತನ್ನ ಮೇಲೆ ನಿಂತದ್ದು ಬೋಧಕರಿಗೆ ತಿಳಿಯಿತು. ನೂರಾರು ಜನರೆದುರು ಅಳುಕದವರು ಅಲ್ಲೇ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡುಬಿಟ್ಟರು.

ಅವಳು ಎದ್ದು ಬಂದು ಹತ್ತಿರ ನಿಂತಳು. "ಕಣ್ಣು ಬಿಡಿ. ನಾನೇನು ತಿಂದುಹಾಕಲ್ಲ."

"ಹೇಗಿದೀನಿ?" ಎಂದರು ಬೋಧಕರು, ಕಣ್ಣು ಮುಚ್ಚಿಕೊಂಡೇ.

ಅವರು ಒಂದು ಕಣ್ಣು ಬಿಟ್ಟು ನೋಡಿದರು. ಅವಳು ಅವರ ಮುಖದ ಮೇಲೆ ಮೆಲ್ಲಗೆ, ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ, ಪರವೂರಿನ ಬೀದಿಯಲ್ಲಿ ನಡೆಯುವವಳಂತೆ ಕಣ್ಣಾಡಿಸುತ್ತಿದ್ದಳು.

"ಇನ್ನೂ ನೋಡ್ತಾ ಇದೀನಿ," ಎಂದಳು. "ಅವಸರ ಮಾಡ್ಬೇಡಿ."